ತಂತಿಯ ಲೆಕ್ಕ

ಮೊದಲ ಗಿರಾಕಿ ಒಂದು ಬೀಗದ ಕೈ.
ಮಾಳಿಗೆಯ ಬಾಗಿಲು ಹಾರಿಸ್ ಸಬ್ರಿಯ ಸೊಂಟದಲ್ಲಿತ್ತು.
ನಿನ್ನ ಕೋಣೆಗೆ ಒಂದು ತಂತಿ ಬಿಟ್ಟಿ, ಎಂದೆ.
ನೈಲ್ ದಂಡೆಯಲ್ಲಿ ನಡೆದ ತಂಗಿಯ ಮದುವೆಯನ್ನು
ಅವನು ಅಂಗೈಯಲ್ಲಿ ನೋಡಿದ.
ಬಾಗಿಲು ತೆರೆಯಿತು.

ಜಲೀಬ್. ಆಗಸ್ಟು. ಐವತ್ತು ದಾಟಿದ ಬಿಸಿಲು.
ಪೆಟ್ಟಿಗೆ ಸತ್ತೀತೆಂದು
ಯಾರೋ ಎಸೆದ ಫ್ರಿಜ್ಜಿನ ಹೊಟ್ಟೆಯಲ್ಲಿ ಮಲಗಿಸಿ,
ನೀರ ಟಾಂಕಿಯ ನೆರಳಿಗೆ ಸರಿಸಿ,
ಮೇಲೆ ಒದ್ದೆ ಗೋಣಿ ಹೊದೆಸಿದೆ.
ಮೊಟ್ಟೆ ಇಡುತ್ತಿದ್ದ ಕಡೆ ಈಗ ಹದಿನಾರು ಹಸಿರು ದೀಪ:
ಒಂದು ಊಟ ತರುವುದು, ಹದಿನೈದು ಉಣ್ಣುವವು.
ಹಗಲಲ್ಲಿ ನಾನು ಎಸಿ ರಿಪೇರಿಯವ.
ರಾತ್ರಿ ಸರ್ವಿಸ್ ಪ್ರೊವೈಡರ್, ಎಂದು ಸಿಪ್ರಿಯನ್ ನಕ್ಕ.
"ಕಂಪೆನಿಗೆ ಹೆಸರೇನು ಮಾರಾಯ?"
ಹೆಸರಿಟ್ಟರೆ ಹಿಡಿದುಕೊಂಡು ಹೋದಾರು, ಎಂದೆ.

ದೊಡ್ಡವರಿಂದ ಒಂದೇ ಕನೆಕ್ಷನ್, ನನ್ನ ಸಿವಿಲ್ ಐಡಿಯ ಮೇಲೆ.
ಅದನ್ನು ಹದಿನೈದು ಮಾಡುವುದೆಂದರೆ
ಪಂಕ್ತಿ ಉದ್ದವಾದಾಗ
ಸಾರಿಗೆ ಇನ್ನೆರಡು ಚೆಂಬು ನೀರು ಸುರಿದ ಹಾಗೆ.
ರುಚಿ ತೆಳು, ಹಸಿದು ಯಾರೂ ಏಳುವುದಿಲ್ಲ.
ತಿಂಗಳಿಗೆ ಕೋಣೆಗೆ ಎರಡು ದಿನಾರು.

ಶುಕ್ರವಾರ ಎಲ್ಲರೂ ಒಮ್ಮೆಲೇ ಊರಿಗೆ ಹೊರಡುತ್ತಾರೆ,
ಮುಖಗಳು ಅರ್ಧ ಬಾಯಿ ತೆರೆದು ನಡುದಾರಿಯಲ್ಲಿ ನಿಂತುಬಿಡುತ್ತವೆ.
ಮೂರನೆಯ ಮಹಡಿಯಿಂದ ಬೊಬ್ಬೆ:
"ನಿನ್ನ ತಂತಿಗೆ ಏನು ಗೆದ್ದಲು ಹಿಡಿದಿದೆಯಾ?"
ಏಣಿ ಹತ್ತಿ, ಪೈಂಟ್ ಬ್ರಶ್ಶಿನಿಂದ ಧೂಳು ಗುಡಿಸಿ,
ಸ್ವಿಚ್ಚು ಆರಿಸಿ, ಮತ್ತೆ ಹಾಕುತ್ತೇನೆ.
ಇಷ್ಟೇ ನನ್ನ ವಿದ್ಯೆ. ಹತ್ತರಲ್ಲಿ ಒಂಬತ್ತು ಸಲ ಸಾಕು.

ಅಜ್ಜ ಕಡವಿನಲ್ಲಿ ದೋಣಿ ಹಾಕುತ್ತಿದ್ದ.
ಮನೆಗೆ ವರ್ಷಕ್ಕೊಂದು ಸೇರು ಅಕ್ಕಿ ಅವನ ದರ.
ಪೇಟೆಗೋ, ಕೋರ್ಟಿಗೋ,
ಯಾರದೋ ಜೊತೆ ಓಡಿಹೋಗುವುದಕ್ಕೋ, ಕೇಳುತ್ತಿರಲಿಲ್ಲ.
ಹುಟ್ಟಿನ ಕಡೆ ನೋಡುತ್ತಿದ್ದ.
ನನಗೂ ದೀಪ ಕಾಣುತ್ತದೆ, ದಾಟುವವರು ಕಾಣುವುದಿಲ್ಲ.

ಆದರೆ ಆ ಏಳನೆಯ ದೀಪ.
ಎರಡಾದರೂ ಮೂರಾದರೂ
ಸಣ್ಣಗೆ, ಬಹಳ ಸಣ್ಣಗೆ ಮಿಣುಕುತ್ತಿತ್ತು.
ಸಿನಿಮಾ ಅಲ್ಲ; ಸಿನಿಮಾದ ಮಿಣುಕೇ ಬೇರೆ.
ಅದ್ರಾಮನ ಕೋಣೆ. ನಾಲ್ಕು ತಿಂಗಳ ಬಾಕಿ.
ಇವತ್ತು ಬಿಡುವುದಿಲ್ಲವೆಂದು ಡೈರಿ ಹಿಡಿದು ಇಳಿದೆ.
ಆರು ಮಂಚ, ಐದು ಗೊರಕೆ.
ಆರನೆಯವನೂ ನಿದ್ದೆಯಲ್ಲೇ,
ದಿಂಬಿನ ಮೇಲೆ ಕಿವಿಗೆ ತಾಗಿ ಫೋನು.
ಅದರೊಳಗೆ ಒಂದು ಫ್ಯಾನಿನ ಕಟಕಟ.
ಆಮೇಲೆ ಒಂದು ಮಗು ಕೆಮ್ಮಿತು.
ಕಣ್ಣು ತೆರೆಯದೆಯೇ ಅದ್ರಾಮ
ದಿಂಬಿನ ಅಂಚನ್ನು ಎರಡು ಸಲ ತಟ್ಟಿದ.
ಕೆಮ್ಮು ನಿಂತಿತೋ ಇಲ್ಲವೋ, ನಾನು ಕಾಯಲಿಲ್ಲ.
ಡೈರಿಯನ್ನು ಲುಂಗಿಗೆ ಸಿಕ್ಕಿಸಿ ಮೇಲೆ ಬಂದೆ.

ಅಕ್ಟೋಬರಿನಲ್ಲಿ ಬಲದಿಯಾದವರು ಇಕ್ಕುಳ ಹಿಡಿದು ಬಂದರು.
ತಪ್ಪು ಅವರದ್ದಲ್ಲ, ಕಾನೂನಿನೊಳಗೆ ನಾನು ಎಲ್ಲೂ ಇಲ್ಲ.
ಹತ್ತು ನಿಮಿಷ.
ತಂತಿಗಳು ಬಿಚ್ಚಿದ ಜಡೆಯಂತೆ ಗಲ್ಲಿಗೆ ಬಿದ್ದವು.
ಫ್ರಿಜ್ಜನ್ನು ಮಾತ್ರ ತೆರೆಯಲಿಲ್ಲ.
ಮಾಳಿಗೆಯ ಮೇಲಿನ ಹಳೆ ಫ್ರಿಜ್ಜೊಳಗೆ
ಏನಿದ್ದರೆ ಯಾರಿಗೇನು?

ಸಂಜೆ ಮೆಟ್ಟಿಲ ತುಂಬ ಜನ. ಮೊದಲು ನನ್ನದು, ಮೊದಲು ನನ್ನದು.
ಮುಂಗಡ ಕೊಟ್ಟ ಸಿಪ್ರಿಯನ್,
ಕೀಲಿ ಕುಲುಕುತ್ತ ಸಬ್ರಿ,
ಬೆಳಗ್ಗೆ ಇಂಟರ್‌ವ್ಯೂ ಇರುವ ನರ್ಸ್ ಹಿಲ್ಡಾ, ಉಗುರು ಕಚ್ಚುತ್ತ.
ನನ್ನಲ್ಲಿ ಉಳಿದದ್ದು ಒಂದು ಸುತ್ತು ತಂತಿ, ಮೂವತ್ತು ಮೀಟರು.
ಅದನ್ನು ಏಳಕ್ಕೆ ಎಳೆದೆ.
"ಬಾಕಿ ಇಟ್ಟವನಿಗಾ?" ಅಂದ ಸಿಪ್ರಿಯನ್.
ಅಲ್ಲಿಗೆ ಮಾತ್ರ ಮುಟ್ಟುತ್ತದೆ ಎಂದು ಸುಳ್ಳು ಹೇಳಿದೆ.
ಆಮೇಲೆ ಅಳೆದು ನೋಡಿದರೆ
ಮಾತು ನಿಜವೇ ಆಗಿತ್ತು.
ಎರಡು ಗೇಣು ಉಳಿದೂ ಇತ್ತು.